ಕಸ್ತೂರಿ ತರಲು ಹೋದವಳು



ಈ ಸಲ ನಿಂಬೆಕಾಯಿ ಉಪ್ಪಿನಕಾಯಿಯ ವಿಷಯ ಬರೆಯುತ್ತೇನೆಂದು ನಿಮಗೆ ಮಾತು ಕೊಟ್ಟಿದ್ದೆ. ಅದು ಇನ್ನೂ ಸ್ವಲ್ಪ ದಿನ ಭರಣಿಯಲ್ಲೇ ಕಳಿಯಲಿ ಬಿಡಿ. ಇವತ್ತು ನಿಮ್ಮನ್ನೆಲ್ಲ ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆಯಾಗಿದೆ. ಒಲೆ ಆರಿಸಿ, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಸುದ್ದಿ ಶುರುವಾಗೋದು ನಮ್ಮತ್ತೆಯವರ ಬೆಳ್ಳಿ ಭರಣಿಯಿಂದ. ಕುಂಕುಮದ ಭರಣಿಗಿಂತ ಚಿಕ್ಕದು, ಮುಚ್ಚಳದ ಮೇಲೆ ಒಂದು ನವಿಲು. ದೇವರ ಮನೆಯ ಗೂಡಿನಲ್ಲಿರುತ್ತದೆ. ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಕಸ್ತೂರಿ ಇತ್ತು. ಈಗ ಉಳಿದಿರೋದು ಸಾಸಿವೆ ಕಾಳಿನಷ್ಟು ಕಪ್ಪು ಪುಡಿ ಮತ್ತು ವಾಸನೆ. ನಮ್ಮ ಯಜಮಾನರಿಗೆ, ಅವರ ತಮ್ಮಂದಿರಿಗೆ, ಆಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಶೀತ ಅಂದರೆ ಸಾಕು, ಬಜೆ, ಅಳಲೆಕಾಯಿ ತೇಯುವ ಕಲ್ಲಿನ ಮೇಲೆ ಅದರದೊಂದು ಚೂರು ತೇದು, ಎದೆಹಾಲಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದ್ದಾರೆ. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಇದ್ದೀತು.

ಮೇ ತಿಂಗಳ ಮೊದಲ ವಾರ ನಾವು ಉತ್ತರಾಖಂಡದ ಯಾತ್ರೆಗೆ ಹೊರಟಾಗ ಅತ್ತೆಯವರು ಆ ಭರಣಿಯನ್ನು ನನ್ನ ಕೈಗಿಟ್ಟರು. ನನ್ನ ದೊಡ್ಡ ಮಗಳಿಗೆ ಆಗ ಐದು ತಿಂಗಳು. ಚೊಚ್ಚಲ ಬಾಣಂತನ ನಮ್ಮಲ್ಲೇ ತಾನೇ? "ಹಿಮಾಲಯದಲ್ಲಿ ಅಸಲಿ ಸಿಗುತ್ತಂತೆ. ಮರಿಮಗೂಗೆ ಬೇಕು. ದುಡ್ಡು ಎಷ್ಟಾದರೂ ಆಗಲಿ ತುಂಬಿಸಿಕೊಂಡು ಬಾ" ಅಂದರು. ಪಕ್ಕದಲ್ಲಿದ್ದ ಚಿಕ್ಕ ಮಗಳು, ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ, "ಅಜ್ಜೀ, ಅದನ್ನ ಮಾರೋ ಹಾಗಿಲ್ಲ, ಕೊಳ್ಳೋ ಹಾಗೂ ಇಲ್ಲ" ಅಂದಳು. ಅತ್ತೆಯವರು ನನ್ನ ಕಡೆ ತಿರುಗಿ, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಅಂದು ಎದ್ದುಹೋದರು. ಕತ್ತೆ ಯಾರು, ಮೊಮ್ಮಗಳೋ ಸೊಸೆಯೋ, ಅಂತ ನಾನು ಕೇಳಲಿಲ್ಲ. ಭರಣಿಯನ್ನು ಸೀರೆಗಳ ನಡುವೆ ಇಟ್ಟುಕೊಂಡೆ.

ಕೇದಾರನಾಥಕ್ಕೆ ಸುಮಾರು 16 ಕಿಲೋಮೀಟರ್ ನಡಿಗೆ. ನಮ್ಮ ಯಜಮಾನರ ಮೊಣಕಾಲಿಗೆ ಅದು ಆಗದ ಮಾತು. ಅದಕ್ಕೇ ಪಂಚಕೇದಾರಗಳಲ್ಲೊಂದಾದ ತುಂಗನಾಥಕ್ಕೆ ಹೋಗೋದು ಅಂತ ತೀರ್ಮಾನವಾಯಿತು. ಹರಿದ್ವಾರ, ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗ ದಾಟಿ ಊಖೀಮಠ. ಚಳಿಗಾಲದಲ್ಲಿ ಕೇದಾರದ ಪೂಜೆ ನಡೆಯೋದು ಈ ಊಖೀಮಠದಲ್ಲೇ. ಕೇದಾರದ ರಾವಲರು ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರು ಅನ್ನೋದು ನಿಮಗೆ ಗೊತ್ತಿರಬಹುದು. ಅಷ್ಟು ದೂರದ ಬೆಟ್ಟದಲ್ಲಿ ಅದನ್ನು ನೆನೆದರೇ ಮನಸ್ಸಿಗೆ ಏನೋ ಧೈರ್ಯ. ಅಲ್ಲಿಂದ ಕಾಡಿನ ದಾರಿಯಲ್ಲಿ ಜೀಪು ಹತ್ತಿದರೆ ಚೋಪ್ತಾ. ಊರು ಅನ್ನೋ ಹಾಗಿಲ್ಲ, ನಾಲ್ಕಾರು ಹೋಟೆಲು, ಕುದುರೆಗಳು, ಕೋಲು ಮಾರುವವರು. ಆ ಚೋಪ್ತಾನೇ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿದೆ! ಮುಳ್ಳಯ್ಯನಗಿರಿ 1,930 ಮೀಟರ್, ಚೋಪ್ತಾ 2,600 ಮೀಟರಿಗೂ ಮೇಲೆ. ತುಂಗನಾಥದ ಗುಡಿ ಇರೋದು ಸುಮಾರು 3,680 ಮೀಟರಿನಲ್ಲಿ, ಅಂದರೆ ಹನ್ನೆರಡು ಸಾವಿರ ಅಡಿ.

ಬೆಳಗಿನ ಐದೂವರೆಗೆ ಹೊರಟೆವು. ಮಗಳು ಅಷ್ಟು ಬೇಗ ಎಬ್ಬಿಸಿದ್ದಕ್ಕೆ ಅವರಪ್ಪ ಗೊಣಗಿದರು. ಆದರೆ ಕಾಡುಪ್ರಾಣಿ ನೋಡಬೇಕಾದರೆ ಬೆಳಗಿನ ಜಾವ, ಇಲ್ಲವೇ ಸಂಜೆ. ಮಧ್ಯಾಹ್ನ ಹೋದರೆ ಕುದುರೆ ಲದ್ದಿ ಬಿಟ್ಟು ಏನೂ ಕಾಣೋಲ್ಲ. ನಮ್ಮ ಜೊತೆಗೆ ಅಲ್ಲಿಯವರೇ ಒಬ್ಬ ಗೈಡ್ ಬಂದಿದ್ದರು, ಐವತ್ತರ ಆಸುಪಾಸಿನವರು, ಮಾತು ಕಡಿಮೆ. ನನ್ನ ಹಿಂದಿಯೋ, ಚಿಕ್ಕಂದಿನಲ್ಲಿ ಟಿವಿ ರಾಮಾಯಣ ನೋಡಿ ಕಲಿತದ್ದು. ಅವರನ್ನು "ಭ್ರಾತಾಶ್ರೀ" ಅಂದುಬಿಟ್ಟೆ. ಮಗಳು ನಕ್ಕು ನಕ್ಕು ಸುಸ್ತಾದಳು. ಅವರು ಮಾತ್ರ ನಗದೆ "ಹೇಳಿ ಮಾತಾಜಿ" ಅಂದರು. ಅಲ್ಲಿಂದ ಮುಂದೆ ನಾನು ಮಾತಾಜಿ, ಅವರು ಭಾಯಿ.

ದಾರಿಗೆ ಕಲ್ಲು ಹಾಸಿದ್ದಾರೆ. ಮೂರೂವರೆ ಕಿಲೋಮೀಟರ್ ಅಷ್ಟೇ. ನಮ್ಮೂರ ಸಂತೆಗೆ ಎರಡು ಸಲ ಹೋಗಿಬಂದ ಹಾಗೆ ಅಂದುಕೊಂಡಿದ್ದೆ. ನೂರು ಹೆಜ್ಜೆ ಹಾಕುವಷ್ಟರಲ್ಲಿ ಉಸಿರು ಗಂಟಲಿಗೆ ಬಂತು. ಅಷ್ಟೆತ್ತರದಲ್ಲಿ ಗಾಳಿ ತೆಳು. ಗುಡಿಯ ಹತ್ತಿರ ನಮಗೆ ಸಿಗುವ ಪ್ರಾಣವಾಯು ಸಮುದ್ರದ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟೇ ಅಂತ ಮಗಳು ಹೇಳಿದಳು. ಭಾಯಿ ಹೇಳಿಕೊಟ್ಟ ಉಪಾಯ ನಿಮಗೂ ಹೇಳುತ್ತೇನೆ: ಮಾತಾಡದೆ ನಡೆಯಬೇಕು, ಮೂಗಿನಲ್ಲೇ ಉಸಿರಾಡಬೇಕು, ಬಾಯಿಂದ ಉಸಿರು ಬಂತು ಅಂದರೆ ನಿಲ್ಲಬೇಕು. ಮಾತಾಡದೆ ನಡೆಯೋದು ಎಷ್ಟು ಕಷ್ಟ ಅಂತ ಬಲ್ಲವರೇ ಬಲ್ಲರು! ಆದರೆ ಬಾಯಿ ಮುಚ್ಚಿದ್ದರಿಂದಲೇ ಕಣ್ಣು, ಕಿವಿ ತೆರೆದವೇನೋ. ಕೆಳಗಿನ ಕಾಡಿನಲ್ಲಿ ಓಕ್ ಮರಗಳು, ಬುರಾಂಶ್ ಮರಗಳು. ಬುರಾಂಶ್ ಅಂದರೆ ಕೆಂಪು ಹೂವಿನ ಮರ, ಉತ್ತರಾಖಂಡದ ರಾಜ್ಯವೃಕ್ಷ. ಅದರ ಹೂ ಮಾರ್ಚ್, ಏಪ್ರಿಲ್‌ನಲ್ಲಿ. ನಾವು ಹೋದಾಗ ಒಂದೆರಡು ಗೊಂಚಲು ಮಾತ್ರ ಉಳಿದಿತ್ತು. ಆ ಮರದಲ್ಲಿ ಮುಸುವಗಳ ಒಂದು ದೊಡ್ಡ ಸಂಸಾರ ಕೂತು ಎಲೆ ತಿನ್ನುತ್ತಿತ್ತು. ನಮ್ಮೂರ ಮುಸುವಗಳಿಗಿಂತ ಕೂದಲು ದಟ್ಟ. ಚಳಿ ನೋಡಿ, ಶಾಲು ಹೊದ್ದ ಹಾಗೆ.

ಏಳು ಗಂಟೆಯ ಹೊತ್ತಿಗೆ ಮರಗಳು ಕಡಿಮೆಯಾಗಿ ಹುಲ್ಲುಗಾವಲು ಬಂತು. ಅಲ್ಲಿಯವರು ಅದಕ್ಕೆ ಬುಗ್ಯಾಲ್ ಅಂತಾರೆ. ಇಳಿಜಾರಿನ ನೆರಳಲ್ಲಿ ಇನ್ನೂ ಹಿಮ ಉಳಿದಿತ್ತು. ಭಾಯಿ ಕೈ ಎತ್ತಿ ನಿಲ್ಲಿಸಿದರು. ಯಾರೋ ಸಿಳ್ಳೆ ಹೊಡೆದ ಹಾಗೆ ಒಂದು ಕೂಗು. ಮಗಳು ದುರ್ಬೀನು ನನ್ನ ಕಣ್ಣಿಗಿಟ್ಟಳು. ಅಬ್ಬಾ! ಏನು ಹೇಳಲಿ?

ಕಾಂಜೀವರಂ ಸೀರೆ ಅಂಗಡಿಯಲ್ಲಿ ಕೂತು ಇದಕ್ಕೆ ಅದು ಒಪ್ಪಲ್ಲ, ಅದಕ್ಕೆ ಇದು ಒಪ್ಪಲ್ಲ ಅಂತ ನಾವು ಎಷ್ಟು ಗಲಾಟೆ ಮಾಡುತ್ತೇವೆ. ದೇವರು ಯಾವ ಬಣ್ಣವನ್ನೂ ಬಿಡದೆ ಒಂದೇ ಹಕ್ಕಿಗೆ ಹಾಕಿದ್ದಾನೆ, ಎಲ್ಲವೂ ಒಪ್ಪಿದೆ. ತಲೆ ಹಸಿರು, ಅದರ ಮೇಲೆ ನವಿಲಿನ ಹಾಗೆ ಒಂದು ತುರಾಯಿ. ಕತ್ತು ಈಗಷ್ಟೇ ಹುಣಿಸೆಹಣ್ಣಿನಲ್ಲಿ ಉಜ್ಜಿದ ತಾಮ್ರದ ತಂಬಿಗೆ. ಬೆನ್ನು ನೇರಳೆ, ನೀಲಿ. ಬಾಲ ದಾಲ್ಚಿನ್ನಿ ಬಣ್ಣ. ಬಿಸಿಲು ಬಿದ್ದ ಕಡೆಯೆಲ್ಲ ರೇಷ್ಮೆಯ ಮಿಂಚು. ಮೊನಾಲ್ ಅಂತ ಇದರ ಹೆಸರು, ಉತ್ತರಾಖಂಡದ ರಾಜ್ಯಪಕ್ಷಿ. ನಾಟಿ ಹುಂಜಕ್ಕಿಂತ ಸ್ವಲ್ಪ ದಪ್ಪ. ಕೋಳಿ ಕಾಲಿನಿಂದ ಕೆದಕುತ್ತದಲ್ಲ, ಇದು ಹಾಗಲ್ಲ, ಗುದ್ದಲಿ ಹಾಗೆ ಕೊಕ್ಕಿನಿಂದ ಮಣ್ಣು ಅಗೆದು ಗೆಡ್ಡೆ, ಹುಳು ತೆಗೆಯುತ್ತದೆ. ಹಿಂದೆ ಹಿಮಾಚಲದ ಕಡೆ ಗಂಡಸರು ಇದರ ತುರಾಯಿಯನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಒಂದು ಟೋಪಿಯ ಶೋಕಿಗೆ ಒಂದು ಹಕ್ಕಿ.

ಹೆಣ್ಣು ಎಲ್ಲಿ ಅಂತ ಕೇಳಿದೆ. ಅದು ಅಲ್ಲೇ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೇ. ಕಂದು ಬಣ್ಣ, ಕತ್ತಿನಲ್ಲಿ ಸ್ವಲ್ಪ ಬಿಳಿ, ಒಣಹುಲ್ಲಿನಲ್ಲಿ ಹುಲ್ಲಾಗಿ ಕೂತಿತ್ತು. ಮೊಟ್ಟೆಗೆ ಕಾವು ಕೊಡುವುದು ಹೆಣ್ಣೊಂದೇ. ಹೊಳೆಯುವ ಸೀರೆ ಉಟ್ಟು ನೆಲದ ಮೇಲೆ ಕಾವಿಗೆ ಕೂತರೆ ನರಿ ಬಿಟ್ಟೀತೇ? ನಮ್ಮ ಯಜಮಾನರು "ನೋಡು, ಇಲ್ಲಿ ಅಲಂಕಾರದ ಖರ್ಚೆಲ್ಲ ಗಂಡಿಗೇ" ಅಂದರು. ಕಾವು ಕೂರುವ ಕೆಲಸ ಯಾರಿಗೆ ಅಂತ ನೋಡಿದಿರಾ ಅಂತ ನಾನೂ ಬಿಡಲಿಲ್ಲ.

ಮುಂದೆ ಬಂಡೆಗಳ ನಡುವೆ ಇಲಿಯ ಹಾಗೊಂದು ಓಡಿತು. ನಾನು ಇಲಿ ಅಂದೆ, ಮಗಳು ಪೈಕಾ ಅಂದಳು. ಬಾಲವಿಲ್ಲ, ದುಂಡು ಕಿವಿ. ಇಲಿಯಲ್ಲ, ಮೊಲದ ನೆಂಟ. ಚಳಿಗಾಲದಲ್ಲಿ ಇಡೀ ಬೆಟ್ಟ ಹಿಮದಲ್ಲಿ ಹೂತುಹೋದರೂ ಇದು ನಿದ್ದೆ ಹೋಗೋಲ್ಲವಂತೆ. ಬಂಡೆಯ ಸಂದಿನಲ್ಲಿ, ಹಿಮದ ಅಡಿಯಲ್ಲಿ ಎಚ್ಚರವಾಗಿಯೇ ಇರುತ್ತದೆ. ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ನನ್ನನ್ನೇ ನೋಡಿತು. ನಾನು ಕೈಚೀಲದಿಂದ ಚಕ್ಕುಲಿ ತೆಗೆದೆ. ಭಾಯಿ ಬೇಡ ಅಂದರು. ಒಂದು ಸಲ ತಿನ್ನಲು ಕೊಟ್ಟರೆ ಮನುಷ್ಯರ ಹತ್ತಿರ ಬರೋದು ಕಲಿಯುತ್ತವೆ, ಆಮೇಲೆ ಪ್ಲಾಸ್ಟಿಕ್ಕೂ ತಿನ್ನುತ್ತವೆ. ನಿಜ, ಆ ಬಂಡೆಗಳ ಸಂದಿನಲ್ಲಿ ಚಿಪ್ಸ್ ಪೊಟ್ಟಣಗಳಿಗೇನೂ ಕೊರತೆಯಿರಲಿಲ್ಲ. ಇಷ್ಟು ದೂರ ಹೊತ್ತು ತಂದವರಿಗೆ ಖಾಲಿ ಪೊಟ್ಟಣ ಭಾರವಾಯಿತೇ?

ಈಗ ಕಸ್ತೂರಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಭಾಯಿ ಹತ್ತಿರ ಹೇಗೆ ಕೇಳೋದು ಅಂತ ನನಗೆ ಬೆಳಗಿನಿಂದ ಒಳಗೊಳಗೇ ಗುದ್ದಾಟ. ನಾವು ನಡೆಯುತ್ತಿದ್ದದ್ದೇ ಕೇದಾರನಾಥ ವನ್ಯಧಾಮದ ಸೀಮೆಯಲ್ಲಿ. 1972ರಲ್ಲಿ ಇದನ್ನು ಮಾಡಿದ್ದೇ ಮುಖ್ಯವಾಗಿ ಕಸ್ತೂರಿ ಮೃಗದ ರಕ್ಷಣೆಗೆ. ಸುಮಾರು 975 ಚದರ ಕಿಲೋಮೀಟರ್ ಇದೆ. ಅದೇ ವರ್ಷ ಬಂದ ವನ್ಯಜೀವಿ ಕಾಯಿದೆಯಲ್ಲಿ ಈ ಪ್ರಾಣಿಗೆ ಎಲ್ಲಕ್ಕಿಂತ ಬಿಗಿಯಾದ ರಕ್ಷಣೆ. ಚೋಪ್ತಾದಿಂದ ಗೋಪೇಶ್ವರದ ದಾರಿಯಲ್ಲಿ ಕಾಂಚುಲಾ ಖರಕ್ ಅನ್ನುವಲ್ಲಿ 1982ರಲ್ಲಿ ಇವನ್ನು ಸಾಕಿ ಸಂತಾನ ಬೆಳೆಸುವ ಕೇಂದ್ರವನ್ನೂ ತೆರೆದಿದ್ದರು. ಅದು ಬಹಳ ಕಾಲ ನಿಲ್ಲಲಿಲ್ಲ. ಒಂಟಿಯಾಗಿರುವ, ಅಂಜುಬುರುಕ ಪ್ರಾಣಿ, ಬೇಲಿಯೊಳಗೆ ಬದುಕೋದು ಕಷ್ಟ. ಕಾಡಿನಲ್ಲಿದ್ದರೇ ಉಂಟು.

ಕೊನೆಗೆ ಕೇಳಿಯೇಬಿಟ್ಟೆ. "ಭಾಯಿ, ಇಲ್ಲಿ ಕಸ್ತೂರಿ ಸಿಗುತ್ತಾ?"

ಅವರು ನನ್ನ ಮುಖ ನೋಡಿದರು. ಎಷ್ಟೋ ಮಾತಾಜಿಯರು ಇದನ್ನೇ ಕೇಳಿರಬೇಕು. ಏನೂ ಹೇಳದೆ ದಾರಿ ಬಿಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ಕರೆದರು. ಮರಗಳ ಗಡಿ ಮುಗಿಯುವ ಜಾಗ, ತಿಳಿಗುಲಾಬಿ ಹೂವಿನ ಕುಳ್ಳ ಗಿಡಗಳು. ಅದರ ಬುಡದಲ್ಲಿ ಹಿಕ್ಕೆಯ ಒಂದು ರಾಶಿ. ಮೇಕೆಯ ಹಿಕ್ಕೆಗಿಂತ ಸಣ್ಣದು. ಕಸ್ತೂರಿ ಮೃಗ ಎಲ್ಲೆಂದರಲ್ಲಿ ಹಿಕ್ಕೆ ಹಾಕೋಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದಂತೆ. ಎಂಥ ಶಿಸ್ತು! ಪಕ್ಕದ ಹಿಮದ ಮೇಲೆ ಎರಡು ಸಣ್ಣ ಗೊರಸಿನ ಗುರುತು, ನನ್ನ ಎರಡು ಬೆರಳು ಒತ್ತಿದ ಹಾಗೆ. ನಾನು ಬಗ್ಗಿ ಮೂಸಿದೆ, ನಗಬೇಡಿ. ಹಸಿ ಮಣ್ಣಿನ ವಾಸನೆ ಬಿಟ್ಟು ಏನೂ ಬರಲಿಲ್ಲ.

ಅಲ್ಲಿ ಕೂತು ಭಾಯಿ ಹೇಳಿದ್ದನ್ನು ಮಗಳು ಬಿಡಿಸಿ ಹೇಳಿದಳು. ದೊಡ್ಡ ನಾಯಿಯಷ್ಟೇ ಪ್ರಾಣಿ, ತೂಕ ಹತ್ತು ಹದಿನೈದು ಕೆಜಿ. ಕೊಂಬಿಲ್ಲ. ಗಂಡಿಗೆ ಬಾಯಿಂದ ಕೆಳಗೆ ಇಳಿದ ಎರಡು ಕೋರೆಹಲ್ಲು. ಹರಿಕಥೆಯಲ್ಲಿ ಕೇಳಿದ್ದೇವಲ್ಲ, ತನ್ನ ಹೊಕ್ಕುಳಲ್ಲೇ ಪರಿಮಳವಿದ್ದರೂ ಮೃಗ ಕಾಡೆಲ್ಲ ಹುಡುಕುತ್ತದೆ ಅಂತ. ಪರಿಮಳ ಇರೋದು ಹೊಕ್ಕುಳಲ್ಲಲ್ಲ, ಅದರ ಹಿಂದಿನ ಒಂದು ಚೀಲದಲ್ಲಿ, ಅದೂ ಗಂಡಿಗೆ ಮಾತ್ರ, ಹೆಣ್ಣನ್ನು ಕರೆಯಲಿಕ್ಕೆ. ಒಂದು ಗಂಡಿನಲ್ಲಿ ಸಿಗೋದು ಸುಮಾರು 25 ಗ್ರಾಂ, ನಮ್ಮ ಲೆಕ್ಕದಲ್ಲಿ ಎರಡು ತೊಲ. ಕಳ್ಳಬೇಟೆಗಾರರು ಅದಕ್ಕಾಗಿ ಮುಳ್ಳುಕಂಟಿಯ ಉದ್ದನೆಯ ಬೇಲಿ ಕಟ್ಟಿ, ನಡುನಡುವೆ ಗಂಡಿ ಬಿಟ್ಟು, ಗಂಡಿಗೊಂದು ತಂತಿಯ ಉರುಳು ಇಡುತ್ತಾರೆ.

"ಉರುಳಿಗೆ ಕಣ್ಣಿಲ್ಲ ಮಾತಾಜಿ" ಅಂದರು ಭಾಯಿ. "ಗಂಡೂ ಬೀಳುತ್ತೆ, ಹೆಣ್ಣೂ ಬೀಳುತ್ತೆ, ಮರಿಯೂ ಬೀಳುತ್ತೆ. ಹೆಣ್ಣು ಬಿದ್ದರೆ ಅವರಿಗೆ ಉಪಯೋಗವಿಲ್ಲ, ಅಲ್ಲೇ ಬಿಟ್ಟು ಹೋಗುತ್ತಾರೆ. ಇದು ಅವು ಮರಿ ಹಾಕುವ ಕಾಲ. ಈ ತಿಂಗಳು, ಮುಂದಿನ ತಿಂಗಳು."

ನಾನು ಏನೂ ಮಾತಾಡಲಿಲ್ಲ. ಮನೆಯಲ್ಲಿ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಓಡಾಡುವ ಮಗಳು ಕಣ್ಣ ಮುಂದೆ ಬಂದಳು. ಅತ್ತೆಯವರ ಭರಣಿ ಕೈಚೀಲದ ತಳದಲ್ಲಿ, ಚಕ್ಕುಲಿಯ ಡಬ್ಬಿಯ ಕೆಳಗಿತ್ತು. ಅವತ್ತು ಬೆಳಿಗ್ಗೆ ಯಾಕೋ ಲಾಡ್ಜಿನಲ್ಲಿ ಬಿಡಲು ಮನಸ್ಸಾಗದೆ ಜೊತೆಗೆ ತಂದಿದ್ದೆ.

ತುಂಗನಾಥದ ಗುಡಿ ಚಿಕ್ಕದು, ಬೂದು ಕಲ್ಲಿನದು. ಶಿವನು ಎತ್ತಿನ ರೂಪದಲ್ಲಿ ಪಾಂಡವರಿಂದ ತಪ್ಪಿಸಿಕೊಂಡಾಗ ಇಲ್ಲಿ ಬಾಹುಗಳು ಕಾಣಿಸಿಕೊಂಡವು ಅಂತ ಕಥೆ. ದರ್ಶನ ಮಾಡಿ ಹೊರಗೆ ಬಂದರೆ, ಹಳದಿ ಕೊಕ್ಕು, ಕೆಂಪು ಕಾಲಿನ ಕಾಗೆಗಳು ಗೋಪುರದ ಸುತ್ತ ಗಾಳಿಯಲ್ಲಿ ಜೋಕಾಲಿ ಆಡುತ್ತಿದ್ದವು. ಪಕ್ಕದ ಅಂಗಡಿಯಲ್ಲಿ ಚಹ ಕುಡಿದೆವು. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ನಮ್ಮಲ್ಲಿಯ ಹಾಗೆ ನೂರರ ಹತ್ತಿರ ಹೋಗೋಲ್ಲ. ಅದಕ್ಕೇ ಚಹ ಎಷ್ಟು ಕುದಿಸಿದರೂ ಸಪ್ಪೆ ಅನ್ನಿಸುತ್ತೆ. ಬೇಳೆಯಂತೂ ಕುಕ್ಕರ್ ಇಲ್ಲದೆ ಬೇಯೋದೇ ಇಲ್ಲ ಅಂತ ಅಂಗಡಿಯ ಹೆಂಗಸು ಹೇಳಿದರು. ಆ ಹೆಣ್ಣುಮಗಳು ಕುಕ್ಕರನ್ನೂ ಸಿಲಿಂಡರನ್ನೂ ಕುದುರೆ ಮೇಲೆ ಹೇರಿಸಿಕೊಂಡು ಬಂದು, ಗುಡಿ ತೆರೆದಿರುವಷ್ಟು ತಿಂಗಳೂ ಅಲ್ಲೇ ಸಂಸಾರ ಮಾಡುತ್ತಾರೆ. ಗ್ಯಾಸ್ ಒಂದು ದಿನ ತಡವಾದರೆ ನಾವು ಮಾಡುವ ರಂಪಾಟ ನೆನೆದು ನಾಚಿಕೆಯಾಯಿತು.

ಯಜಮಾನರು ಅಲ್ಲೇ ಕೂತರು. ಮಗಳೂ ನಾನೂ ಚಂದ್ರಶಿಲೆಯ ತುದಿಗೆ ಹೋದೆವು. ಇನ್ನೂ ಒಂದೂವರೆ ಕಿಲೋಮೀಟರ್, ನೆಟ್ಟಗೆ ಏರು. ಐದಾರು ಕಡೆ ಕೂತು, ಎರಡು ಕಡೆ ಅತ್ತುಬಿಡೋಣ ಅನ್ನಿಸಿ, ಒಂದು ಕಡೆ ಮಗಳ ಕೈ ಹಿಡಿದು ಹತ್ತಿದೆ. ಮೇಲೆ ಹೋದರೆ ಸುತ್ತ ಹಿಮದ ಶಿಖರಗಳು, ಚೌಖಂಬಾ ಅಂತೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೆಳಗಿನ ಕಡಿದಾದ ಬಂಡೆಯಲ್ಲಿ ಥಾರ್ ಅನ್ನುವ ಕಾಡುಮೇಕೆಗಳು ಕಂಡವು. ಗಂಡಿನ ಕತ್ತಿನಲ್ಲಿ ಸಿಂಹದ ಹಾಗೆ ಜೂಲು. ನಿಲ್ಲಲು ಗೇಣು ಜಾಗವಿಲ್ಲದ ಕಡೆ ಹಾಯಾಗಿ ಮೆಲುಕು ಹಾಕುತ್ತಿದ್ದವು. ನಮ್ಮ ಕಾಲ ಕೆಳಗೇ ಒಂದು ದೊಡ್ಡ ರಣಹದ್ದು ರೆಕ್ಕೆ ಬಡಿಯದೆ ತೇಲಿಹೋಯಿತು. ಅದರ ಬೆನ್ನು ಕಂಡಿತು ನೋಡಿ. ಹದ್ದಿನ ಬೆನ್ನನ್ನು ಮೇಲಿನಿಂದ ನೋಡುತ್ತೇನೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಸ್ತೂರಿ ಮೃಗ ಕಾಣಲಿಲ್ಲ. ಇಳಿಯುವಾಗ ಆ ಕುಳ್ಳ ಗಿಡಗಳ ಹತ್ತಿರ ಸುಮ್ಮನೆ ಒಂದು ನಿಮಿಷ ನಿಂತೆ, ಅಷ್ಟೇ.

ವಾಪಸು ಬರುವಾಗ ದಾರಿಯ ಒಂದು ಊರಿನಲ್ಲಿ ಬೀದಿ ಬದಿಯಲ್ಲಿ ಒಬ್ಬ ಬಟ್ಟೆ ಹಾಸಿ ಕೂತಿದ್ದ. ರುದ್ರಾಕ್ಷಿ, ಯಾವುದೋ ಬೇರುಗಳು, ಮಧ್ಯೆ ಕೂದಲಿರುವ ಉಂಡೆಗಳು. "ಅಸಲಿ ಕಸ್ತೂರಿ ಮಾತಾಜಿ" ಅಂದ. ಯಾವುದೋ ಚರ್ಮ ಹೊಲಿದು ಸೆಂಟು ಹಾಕಿರುತ್ತಾರಂತೆ, ಅದನ್ನು ನಂಬಿ ಮಗುವಿನ ನಾಲಿಗೆಗೆ ಹಚ್ಚಿದರೆ ಗತಿ ಏನು? ನಕಲಿಯಾದರೆ ಮೋಸ, ಅಸಲಿಯಾದರೆ ಪಾಪ, ಎರಡಕ್ಕೂ ದುಡ್ಡು ನಮ್ಮದೇ. ನಾನು ಬುರಾಂಶ್ ಹೂವಿನ ಶರಬತ್ತಿನ ಎರಡು ಬಾಟಲಿ ಕೊಂಡೆ. ಕೆಂಪು ಹೂವಿನ ರಸಕ್ಕೆ ಸಕ್ಕರೆ ಹಾಕಿ ಅಲ್ಲಿಯ ಹೆಂಗಸರು ಮಾಡುತ್ತಾರೆ. ಸ್ವಲ್ಪ ಹುಳಿ, ಸ್ವಲ್ಪ ಒಗರು.

ಮನೆಗೆ ಬಂದ ಮೊದಲ ದಿನವೇ ಅತ್ತೆಯವರು ಭರಣಿ ಕೇಳಿದರು. ಖಾಲಿ ಭರಣಿ ಕೊಟ್ಟೆ. ಮುಖ ಊದಿಸಿಕೊಂಡರು. ಎರಡು ದಿನ ನನ್ನ ಹತ್ತಿರ ಮಾತೇ ಇಲ್ಲ, ಕಾಫಿ ಲೋಟವನ್ನೂ ಮೊಮ್ಮಗಳ ಕೈಲೇ ಕೊಟ್ಟು ಕಳಿಸಿದರು. ಮೂರನೇ ದಿನ ರಾತ್ರಿ ಹೂ ಕಟ್ಟುತ್ತಾ ಕೂತಿದ್ದಾಗ ನಾನೇ ಹೇಳಿದೆ. ಕಾಯಿದೆಯ ವಿಷಯ ಹೇಳಲಿಲ್ಲ, ಅದನ್ನು ಮೊಮ್ಮಗಳು ಆಗಲೇ ಹೇಳಿದ್ದಳು. ಹಿಮದ ಮೇಲಿನ ಗೊರಸಿನ ಗುರುತು ಹೇಳಿದೆ, ಬೇಲಿಯ ಗಂಡಿ ಹೇಳಿದೆ, ಉರುಳಿನ ವಿಷಯ ಹೇಳಿದೆ.

ಅತ್ತೆಯವರು ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದರು. "ಬಸುರಿಯೂ ಬೀಳುತ್ತಾ?" ಅಂದರು.

"ಹೂಂ ಅತ್ತೆ."

ಮತ್ತೆ ಮಾತಿಲ್ಲ. ಮೊಳ ಮುಗಿಸಿ, ದೊಡ್ಡ ಮಗಳನ್ನು ಕರೆದು ಮುಡಿಸಿ, ಒಳಗೆ ಹೋಗಿ ಮಲಗಿದರು.

ಮಗು ಭಾದ್ರಪದದಲ್ಲಿ ಹುಟ್ಟಿತು, ಹೆಣ್ಣು. ಹನ್ನೊಂದನೆಯ ದಿನ ಅತ್ತೆಯವರು ದೇವರ ಮನೆಯ ಗೂಡಿಗೆ ಕೈ ಹಾಕಿದಾಗ ನನ್ನ ಎದೆ ಧಸಕ್ ಅಂದಿತು. ಹೊರಗೆ ತೆಗೆದದ್ದು ತೇಯುವ ಕಲ್ಲು ಮತ್ತು ಬಜೆ. ಡಾಕ್ಟರು ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಏನೂ ಕೊಡಬೇಡಿ ಅಂದಿದ್ದಾರೆ ಅಂತ ಮೊಮ್ಮಗಳು ತೊಟ್ಟಿಲಿಗೆ ಅಡ್ಡ ನಿಂತಳು. "ಅದನ್ನೂ ಬಿಡಿಸಿದ್ರಾ?" ಅಂತ ಗೊಣಗಿ ಕಲ್ಲನ್ನು ಒಳಗಿಟ್ಟರು. ಬೆಳ್ಳಿ ಭರಣಿಯ ಹಳೆ ಹತ್ತಿಯನ್ನು ಯಾವಾಗಲೋ ತುಳಸಿಯ ಬುಡಕ್ಕೆ ಹಾಕಿದ್ದಾರೆ. ಈಗ ಅದರಲ್ಲಿ ಮಗುವಿನ ಕಾಡಿಗೆ ಇದೆ. ಮುಚ್ಚಳ ತೆಗೆದರೆ ಇನ್ನೂ ವಾಸನೆ ಬರುತ್ತೆ.

ಬುರಾಂಶ್ ಶರಬತ್ತು ಅವರಿಗೆ ಹಿಡಿಸಲಿಲ್ಲ. ಒಗರು ಅಂತಾರೆ. ಎರಡೂ ಬಾಟಲಿ ಖಾಲಿ ಮಾಡಿದ್ದು ಮಾತ್ರ ಅವರೇ.

ಬಾಣಂತಿ ಖಾರದ ಅಳತೆ ಕೇಳಿ ಹಲವರು ಬರೆದಿದ್ದೀರಿ. ಅತ್ತೆಯವರನ್ನು ಕೂರಿಸಿಕೊಂಡು ಸರಿಯಾಗಿ ಬರೆದುಕೊಂಡಿದ್ದೇನೆ. ಮುಂದಿನ ಸಂಚಿಕೆಗೆ ಅದು, ಜೊತೆಗೆ ನಿಂಬೆಕಾಯಿಯೂ.